ನಿಮ್ಮ ಲೇಖನದಲ್ಲಿ ಬೇಸ್ ಕೇಳಿಸಲಿಲ್ಲ

ನಮಸ್ಕಾರ.

‘ಪ್ರೋಗ್ರೆಸಿವ್ ರಾಕ್‌ನ ಹತ್ತು ಮಹಾನ್ ಬೇಸ್ ವಾದಕರು’ ಎಂಬ ನಿಮ್ಮ ಲೇಖನ ಕೈಸೇರಿ ಮೂರು ವಾರ ಆಯಿತು. ತಡವಾಗಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಎರಡು ಸಲ ಓದಿದೆ. ಈಗ ಇರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ಎರಡು ಸಾಲಿನಲ್ಲಿ ‘ಸ್ವೀಕರಿಸಿಲ್ಲ’ ಎಂದು ಬರೆದು ಮುಗಿಸಲು ಮನಸ್ಸು ಬರಲಿಲ್ಲ. ಉದ್ದುದ್ದ ಹಾಡು, ಬದಲಾಗುವ ತಾಳಗಳ ಈ ರಾಕ್ ಸಂಗೀತದ ಬಗ್ಗೆ ಕನ್ನಡದಲ್ಲಿ ಬರೆಯಲು ಕೂರುವವರೇ ಕಡಿಮೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಇಷ್ಟವಾದದ್ದು. ಏಳನೇ ಪುಟದಲ್ಲಿ ಪಿಂಕ್ ಫ್ಲಾಯ್ಡ್ ತಂಡ ಬರುತ್ತದೆ. ‘ಒನ್ ಆಫ್ ದೀಸ್ ಡೇಸ್’ ಜೋರಾಗಿ ಹಾಕಿದ್ದಾಗ ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ತಟ್ಟೆಗಳು ಝಣಝಣ ಅಂದವು, ಬೆಕ್ಕು ಬಂತೇನೋ ಎಂದು ಅಮ್ಮ ಎದ್ದು ಹೋಗಿ ನೋಡಿದರು ಎಂದು ಬರೆದಿದ್ದೀರಿ. ಹತ್ತು ಪುಟದಲ್ಲಿ ನನಗೆ ಬೇಸ್, ಅಂದರೆ ಆ ತಗ್ಗು ದನಿಯ ಗಿಟಾರ್, ಕೇಳಿಸಿದ್ದು ಅಲ್ಲಿ ಮಾತ್ರ. ಮುಂದಿನ ಸಾಲಿಗೇ ‘ರೋಜರ್ ವಾಟರ್ಸ್ ಒಬ್ಬ ಅದ್ಭುತ ಪ್ರತಿಭೆ’ ಬಂದು ಬೆಕ್ಕನ್ನು ಓಡಿಸಿಬಿಟ್ಟಿತು.

‘ಅದ್ಭುತ’ ಎಷ್ಟು ಸಲ ಬಂದಿದೆ ಎಂದು ಎಣಿಸಿದೆ. ಇಪ್ಪತ್ತಮೂರು ಸಲ. ‘ಮಾಂತ್ರಿಕ’ ಒಂಬತ್ತು. ಆಮೇಲೆ ಒಂದು ಕಿಡಿಗೇಡಿತನ ಮಾಡಿದೆ. ಯೆಸ್ ತಂಡದ ಕ್ರಿಸ್ ಸ್ಕ್ವೈರ್ ಪ್ಯಾರಾಕ್ಕೂ ರಷ್ ತಂಡದ ಗೆಡ್ಡಿ ಲೀ ಪ್ಯಾರಾಕ್ಕೂ ಹೆಸರು ಅದಲುಬದಲು ಮಾಡಿ, ಪಕ್ಕದ ಮೇಜಿನವರಿಗೆ ಓದಲು ಕೊಟ್ಟೆ. ಅವರೂ ಈ ಹಾಡುಗಳನ್ನು ಕೇಳಿ ಬೆಳೆದವರೇ. ಏನೂ ಗೊತ್ತಾಗಲಿಲ್ಲ. ‘ಮಾಂತ್ರಿಕ ಬೆರಳುಗಳು’ ಸ್ಕ್ವೈರ್ ಪಾಲಿಗೆ ಹೋಗಿದ್ದವು. ಸ್ಕ್ವೈರ್ ನುಡಿಸುತ್ತಿದ್ದದ್ದು ಪಿಕ್ (ತಂತಿ ಮೀಟುವ ಸಣ್ಣ ಬಿಲ್ಲೆ) ಹಿಡಿದು! ಬೆರಳಲ್ಲಿ ನುಡಿಸುವವನು ಗೆಡ್ಡಿ ಲೀ.

ಇದು ಸಣ್ಣ ವಿಷಯ ಅಲ್ಲ. ಸ್ಕ್ವೈರ್ ಬೇಸ್ ಹಾಗೆ ಕೇಳಿಸುವುದಕ್ಕೆ ಅರ್ಧ ಕಾರಣ ಆ ಪಿಕ್ಕೇ. ತಂತಿಯ ಮೇಲೆ ಗಟ್ಟಿಯಾಗಿ ಬಿದ್ದಾಗ ಟಕ್ ಎಂಬ ಅಂಚು ಬರುತ್ತದೆ. ಜೊತೆಗೆ ಆತನ ರಿಕನ್‌ಬ್ಯಾಕರ್ ಬೇಸ್, ಹೊಸ ಉಕ್ಕಿನ ತಂತಿ, ಮತ್ತೆ ಎರಡು ಪಿಕಪ್‌ಗಳ (ತಂತಿಯ ಕಂಪನ ಹಿಡಿಯುವ ಭಾಗಗಳು) ಸದ್ದನ್ನು ಬೇರೆಬೇರೆಯಾಗಿ ಹೊರತೆಗೆಯುವ ಏರ್ಪಾಡು. ತಳದ ಗುಡುಗು ಒಂದು ಕಡೆ, ಮೇಲಿನ ಕರಕರ ಇನ್ನೊಂದು ಕಡೆ. ಯೆಸ್ ತಂಡದ 1971ರ ‘ಫ್ರಜೈಲ್’ ಆಲ್ಬಂನಲ್ಲಿ ‘ದ ಫಿಶ್’ ಎಂಬ ಚಿಕ್ಕ ತುಣುಕಿದೆ. ಅದರಲ್ಲಿ ಗಿಟಾರ್ ಎಂದು ನಾವು ಅಂದುಕೊಳ್ಳುವುದೂ ಸ್ಕ್ವೈರ್ ಬೇಸೇ, ಒಂದರ ಮೇಲೊಂದು ಪದರ ಹಾಕಿದ್ದು. ನೀವು ಬರೆದದ್ದು ‘ರಿಕನ್‌ಬ್ಯಾಕರ್‌ನ ಮಾಂತ್ರಿಕ ನಾದ’ ಅಂತ. ರಿಕನ್‌ಬ್ಯಾಕರ್ ಕೊಂಡವರು ಸಾವಿರಾರು ಜನ ಇದ್ದಾರಲ್ವಾ?

ಇನ್ನು ತಪ್ಪುಗಳು. ಪಿಂಕ್ ಫ್ಲಾಯ್ಡ್ ತಂಡದ ‘ಮನಿ’ ಹಾಡು ಪೂರ್ತಿ ಏಳರ ಎಣಿಕೆಯಲ್ಲಿದೆ ಎಂದಿದ್ದೀರಿ. ಇಲ್ಲ. ಬೇಸ್ ಶುರು ಮಾಡುವುದು ಏಳರಲ್ಲಿ, ಸ್ಯಾಕ್ಸೋಫೋನ್ ಸೋಲೋ ಕೂಡ ಏಳರಲ್ಲೇ. ಗಿಟಾರ್ ಸೋಲೋ ಬಂದಾಗ ನಾಲ್ಕಕ್ಕೆ ಹೊರಳುತ್ತದೆ. ಕೈಯಲ್ಲಿ ‘ತಕಿಟ ತಕದಿಮಿ’ ಹಾಕುತ್ತಾ ಕೇಳಿ. ಆ ಜಾಗ ಬಂದ ಕೂಡಲೇ ನಿಮ್ಮ ತಾಳ ತಪ್ಪುತ್ತದೆ, ಗೊತ್ತಾಗೇ ಆಗುತ್ತದೆ. ಹಾಗೆ ಕೂತು ಎಣಿಸದೆ ಬರೆದಿದ್ದೀರಿ ಅನ್ನುವುದೂ ನನಗೆ ಗೊತ್ತಾಯಿತು.

ಇನ್ನೊಂದು ತಪ್ಪು ದೊಡ್ಡದು. ಕಿಂಗ್ ಕ್ರಿಮ್ಸನ್ ತಂಡದ ‘ರೆಡ್’ ಆಲ್ಬಂನ ಬೇಸ್ ಅನ್ನು ಗ್ರೆಗ್ ಲೇಕ್ ಹೆಸರಿಗೆ ಹಾಕಿದ್ದೀರಿ. ಲೇಕ್ ನುಡಿಸಿದ್ದು 1969ರ ಮೊದಲ ಆಲ್ಬಂನಲ್ಲಿ. 1970ರಲ್ಲೇ ಆತ ತಂಡ ಬಿಟ್ಟು ಎಮರ್ಸನ್, ಪಾಮರ್ ಜೊತೆ ಸೇರಿದ. 1974ರ ‘ರೆಡ್’ನಲ್ಲಿ ಇರುವುದು ಜಾನ್ ವೆಟನ್. ಇಬ್ಬರೂ ಹಾಡುತ್ತಿದ್ದರು, ಗೊಂದಲ ಆಗಿರಬಹುದು. ಆದರೆ ವೆಟನ್ ನಿಮ್ಮ ಹತ್ತು ಜನರಲ್ಲೇ ಇಲ್ಲ ಅನ್ನುವುದು ನನಗೆ ನಿಜವಾಗಿ ನೋವಾಯಿತು. ಇದು ಸಂಪಾದಕನ ಮಾತಲ್ಲ, ಅಭಿಮಾನಿಯ ಮಾತು. ಸಹಿಸಿಕೊಳ್ಳಿ.

‘ರೆಡ್’ನ ಕೊನೆಯ ಹಾಡು ‘ಸ್ಟಾರ್‌ಲೆಸ್’. ಹನ್ನೆರಡು ನಿಮಿಷ ಚಿಲ್ಲರೆ. ಹಾಡುವ ಭಾಗ ಮುಗಿದ ಮೇಲೆ ಎಲ್ಲ ತಣ್ಣಗಾಗಿ, ಬೇಸ್ ಒಂದು ತಿರುವನ್ನು ಹಿಡಿಯುತ್ತದೆ. ನಿಧಾನ, ಕತ್ತಲಲ್ಲಿ ಗೋಡೆ ಸವರಿಕೊಂಡು ನಡೆದ ಹಾಗೆ. ಎಣಿಸಿದರೆ ಹದಿಮೂರು. ನಾನು ಎಂಟರ ಒಂದು ಆದಿತಾಳ, ಅದರ ಬೆನ್ನಿಗೆ ಐದರ ಒಂದು ಖಂಡ ಚಾಪು ಎಂದು ಎಣಿಸಿಕೊಂಡೆ. ನಿಮಗೆ ಬೇರೆ ದಾರಿ ಸಿಗಬಹುದು. ಮೇಲೆ ರಾಬರ್ಟ್ ಫ್ರಿಪ್ ಗಿಟಾರ್‌ನಲ್ಲಿ ಒಂದೇ ಸ್ವರವನ್ನು ಚುಚ್ಚುತ್ತಾ ಇರುತ್ತಾನೆ, ಎಷ್ಟೋ ಹೊತ್ತಿನ ಮೇಲೆ ಒಂದು ಮೆಟ್ಟಿಲು ಏರುತ್ತಾನೆ. ಬಿಲ್ ಬ್ರೂಫರ್ಡ್ ಡ್ರಮ್ಸ್ ಮೇಲೆ ಅಲ್ಲೊಂದು ಇಲ್ಲೊಂದು ಟಿಕ್ ಅನ್ನಿಸುತ್ತಾನೆ. ಆ ಹೊತ್ತೆಲ್ಲ ಭಾರ ಹೊತ್ತಿರುವುದು ವೆಟನ್ ಒಬ್ಬನೇ. ತಿರುವು ಅದೇ. ಆದರೆ ಸದ್ದು ಮಾತ್ರ ಸುತ್ತು ಸುತ್ತಿಗೂ ಒರಟಾಗುತ್ತಾ ಹೋಗುತ್ತದೆ, ಕೊನೆಗೆ ಗರಗರ ಅನ್ನುತ್ತದೆ. ಆಮೇಲೆ ಒಮ್ಮೆಲೇ ವೇಗ ಕಿತ್ತುಕೊಂಡು ಹೋಗುತ್ತದೆ.

ಆ ಬೇಸ್ ತಿರುವನ್ನು ಕಟ್ಟಿದವನು ವೆಟನ್ ಅಲ್ಲ, ಡ್ರಮ್ಸ್ ನುಡಿಸುವ ಬ್ರೂಫರ್ಡ್! ಅದು ಗೊತ್ತಾದ ಮೇಲೆ ನಾನು ಮತ್ತೆ ಹಾಕಿಕೊಂಡು ಕೇಳಿದೆ. ಇನ್ನೊಬ್ಬ ಕಟ್ಟಿ ಕೊಟ್ಟದ್ದನ್ನು ವೆಟನ್ ಹೇಗೆ ತನ್ನದಾಗಿಸಿಕೊಂಡ, ಎಲ್ಲಿ ಒತ್ತಿದ, ಎಲ್ಲಿ ಬಿಟ್ಟ ಎಂದು ಹುಡುಕಲು ಶುರು ಮಾಡಿದೆ. ಒಬ್ಬ ಬೇಸ್ ವಾದಕ ಯಾಕೆ ಇಷ್ಟ ಎಂದು ಹೇಳಲು ಇಂಥ ಒಂದು ಜಾಗ ಬೇಕು. ಹತ್ತು ಜನರ ಹುಟ್ಟಿದ ವರ್ಷ ನನಗೆ ಬೇಡ.

ಜೆನೆಸಿಸ್‌ನ ಮೈಕ್ ರುದರ್‌ಫರ್ಡ್ ಬಗ್ಗೆ ‘ಗಿಟಾರ್ ಸಹ ನುಡಿಸುತ್ತಿದ್ದರು’ ಎಂದು ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಅಯ್ಯೋ, ಕಥೆ ಇರುವುದೇ ಅಲ್ಲಿ! ಕೈಗಳು ಹನ್ನೆರಡು ತಂತಿಯ ಗಿಟಾರ್‌ನಲ್ಲಿದ್ದರೆ ಬೇಸ್ ನುಡಿಸುವುದು ಯಾರು? ಕಾಲು. ನೆಲದ ಮೇಲಿಟ್ಟ ಪೆಡಲ್‌ಗಳನ್ನು ಒತ್ತಿ. ಗೆಡ್ಡಿ ಲೀ ಕೂಡ ಅದೇ ಸರ್ಕಸ್ ಮಾಡಿದವನೇ: ಹಾಡು, ಬೇಸ್, ಕೀಬೋರ್ಡ್, ಕಾಲಲ್ಲಿ ಪೆಡಲ್. ರಷ್ ತಂಡದಲ್ಲಿ ಇದ್ದದ್ದೇ ಮೂರು ಜನ, ಇನ್ನೇನು ಮಾಡುವುದು!

ಭಾಷೆ ಬಗ್ಗೆ ಒಂದು ಮಾತು. ‘ಮಂದ್ರ ತಂತಿವಾದ್ಯ’ ಬೇಡ. ಬೇಸ್ ಅನ್ನಿ. ‘ಪ್ರಗತಿಶೀಲ ಶಿಲಾಸಂಗೀತ’ ಓದಿ ನಾನು ಚಹಾ ಚೆಲ್ಲಿಕೊಂಡೆ.

ಈಗ ಏನು ಮಾಡಬೇಕು? ಒಂಬತ್ತು ಜನರನ್ನು ತೆಗೆಯಿರಿ. ವಾಟರ್ಸ್ ಇರಲಿ. ಆತ ಈ ಗುಂಪಿನಲ್ಲಿ ದೊಡ್ಡ ಕೈಚಳಕದವನೇನಲ್ಲ, ಅದನ್ನೂ ಧೈರ್ಯವಾಗಿ ಬರೆಯಿರಿ. ಆದರೆ ನಿಮ್ಮ ಮನೆಯ ತಟ್ಟೆ ಅಲ್ಲಾಡಿದ್ದು ಆ ಹಾಡಿಗೇ. ಯಾಕೆ ಅಲ್ಲಾಡಿದವು ಎಂದು ಹೇಳಿ. 1971ರ ‘ಮೆಡಲ್’ ಆಲ್ಬಂ, ಮೊದಲ ಹಾಡು. ಮೊದಲು ಗಾಳಿಯ ಸದ್ದು, ಆಮೇಲೆ ಬೇಸ್. ಅದು ಒಂದಲ್ಲ, ಎರಡು. ಒಂದು ವಾಟರ್ಸ್, ಇನ್ನೊಂದು ಗಿಟಾರ್ ನುಡಿಸುವ ಡೇವಿಡ್ ಗಿಲ್ಮೋರ್. ಒಂದರ ತಂತಿ ಹಳೆಯದು, ಸದ್ದು ಮಂಕು. ಬಿನ್ಸನ್ ಎಂಬ ಎಕೋ ಯಂತ್ರ ಪ್ರತಿ ಮೀಟನ್ನೂ ಮತ್ತೆ ಮತ್ತೆ ಮರಳಿಸುತ್ತದೆ. ಹೆಡ್‌ಫೋನ್ ಹಾಕಿ, ಒಮ್ಮೆ ಎಡಕಿವಿ, ಒಮ್ಮೆ ಬಲಕಿವಿ ಮುಚ್ಚಿ ಕೇಳಿ. ದಯವಿಟ್ಟು ಮೊಬೈಲ್ ಸ್ಪೀಕರ್‌ನಲ್ಲಿ ಬೇಡ, ಅದರಲ್ಲಿ ಬೇಸ್ ಹೊರಗೇ ಬರುವುದಿಲ್ಲ. ಲೇಖನದ ಅರ್ಧ ಕಾಯಿಲೆ ಅಲ್ಲಿಂದಲೇ ಬಂದಿದೆ ಅಂತ ನನಗೊಂದು ಗುಮಾನಿ.

ಆರುನೂರು ಪದ ಸಾಕು. ತಿಂಗಳ ಕೊನೆಯೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ. ಯೂನಿಕೋಡ್‌ನಲ್ಲಿ ಕಳಿಸಿ, ಈ ಸಲ ಹಳೆಯ ಫಾಂಟ್‌ನಿಂದಾಗಿ ಒತ್ತಕ್ಷರಗಳೆಲ್ಲ ಒಡೆದು ಬಂದಿದ್ದವು, ಸ್ಕ್ವೈರ್ ಹೆಸರನ್ನು ಗುರುತು ಹಿಡಿಯಲು ಐದು ನಿಮಿಷ ಬೇಕಾಯಿತು.

ಅಂದ ಹಾಗೆ, ಅಮ್ಮ ಹೋಗಿ ನೋಡಿದಾಗ ಅಡುಗೆಮನೆಯಲ್ಲಿ ಬೆಕ್ಕು ಇತ್ತಾ? ನೀವು ಬರೆದಿಲ್ಲ.

ಇಂತಿ,
ಸಂಪಾದಕ