ಕೋಲ್ವಾದಲ್ಲಿ ಕರಾವಳಿ ಗೆರೆ ಎಲ್ಲಿ ಬರಬೇಕು?

ಪ್ರಶ್ನೆ: ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗೋವಾದ ಕೋಲ್ವಾ ಬೀಚಿನ ಕರಾವಳಿ ಗೆರೆಯನ್ನು ಉಪಗ್ರಹ ಚಿತ್ರದಲ್ಲಿ ನೀರು ಕಾಣುವಲ್ಲಿಗೆ ಸರಿಸಿದೆ. ಯಾರೋ ಮತ್ತೆ ಹಿಂದಕ್ಕೆ ತಂದಿದ್ದಾರೆ. ತಪ್ಪೇನು?
– ಓದುಗರು, ವಾಸ್ಕೋ

ಉತ್ತರ: ಚಿತ್ರದಲ್ಲಿ ಕಾಣುವ ನೀರಂಚು ಆ ಗಳಿಗೆಯದಷ್ಟೇ. ಇಳಿತದ ಹೊತ್ತಿನ ಚಿತ್ರವಾದರೆ ಅಂಚು ಎಷ್ಟೋ ಮೀಟರ್ ಆಚೆಗಿರುತ್ತದೆ. ಗೆರೆ ಬರಬೇಕಾದದ್ದು ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ದೊಡ್ಡ ಉಬ್ಬರಗಳ ಸರಾಸರಿ ಮಟ್ಟದಲ್ಲಿ. ಸ್ಥಳದಲ್ಲೇ ನೋಡುವುದಾದರೆ, ಅಂಥ ಉಬ್ಬರ ಇಳಿದ ಮೇಲೆ ಚಿಪ್ಪು, ಕಸಕಡ್ಡಿ ಸಾಲಾಗಿ ಉಳಿದ ಜಾಗ. ಮಳೆಗಾಲದ ಅಲೆಗಳು ಮರಳು ಕೊಚ್ಚಿ ಬೀಚನ್ನು ಕಿರಿದು ಮಾಡುತ್ತವೆ, ಆಮೇಲೆ ಅದು ತುಂಬಿಕೊಳ್ಳುತ್ತದೆ. ಹಾಗಾಗಿ ಒಂದೇ ಚಿತ್ರ ನೆಚ್ಚಬೇಡಿ.

ಗೆರೆ ಎಳೆಯುವ ದಿಕ್ಕೂ ಮುಖ್ಯ: ಎಳೆಯುತ್ತಾ ಹೋದಂತೆ ನೆಲ ಎಡಕ್ಕೆ, ನೀರು ಬಲಕ್ಕೆ ಇರಬೇಕು. ಅಂದರೆ ಕೋಲ್ವಾದಲ್ಲಿ ಉತ್ತರದಿಂದ ದಕ್ಷಿಣಕ್ಕೆ. ತಿರುಗುಮುರುಗಾದರೆ, ಇಲ್ಲವೇ ಎರಡು ತುಂಡುಗಳ ತುದಿಬಿಂದು ಕೂಡದಿದ್ದರೆ, ನಕ್ಷೆಯಲ್ಲಿ ಊರಿಗೆ ಊರೇ ಮುಳುಗೀತು! ಇದನ್ನು ತಡೆಯಲೆಂದೇ ಕರಾವಳಿಯನ್ನು ಬೇರೆಯಾಗಿ ತಪಾಸಣೆ ಮಾಡುತ್ತಾರೆ. ಹಾಗಾಗಿ ತಿದ್ದುಪಡಿ ನಕ್ಷೆಯಲ್ಲಿ ತಕ್ಷಣ ಕಾಣದಿದ್ದರೆ ಮತ್ತೆ ಮತ್ತೆ ತಿದ್ದಲು ಹೋಗಬೇಡಿ.

ಬೀಚಿಗೆ ಬೇರೆಯೇ ಮುಚ್ಚಿದ ಆಕೃತಿ ಬರೆದು ‘ನ್ಯಾಚುರಲ್=ಬೀಚ್’, ‘ಸರ್ಫೇಸ್=ಸ್ಯಾಂಡ್’ ಎಂಬ ಟ್ಯಾಗ್ (ಅದು ಏನೆಂದು ಹೇಳುವ ಗುರುತು) ಕೊಡಿ. ಅದು ಕರಾವಳಿ ಗೆರೆ ದಾಟಿ ಒದ್ದೆ ಮರಳಿನವರೆಗೂ ಚಾಚಬಹುದು. ನೀವು ತೋರಿಸಬೇಕೆಂದಿದ್ದ ಅಗಲ ಅಲ್ಲಿ ಸಿಗುತ್ತದೆ.