ಲಿನಕ್ಸ್ ಹಾಕಿದ ಮೇಲೆ ವೈಫೈ ಕಾಣೆಯಾದರೆ

ಪ್ರಶ್ನೆ: ಹಲವು ವರ್ಷ ಬಳಸಿದ ಲ್ಯಾಪ್‌ಟಾಪ್‌ಗೆ ಮೊದಲ ಬಾರಿಗೆ ಲಿನಕ್ಸ್‌ನ ಒಂದು ರೂಪವಾದ ಉಬುಂಟು ಹಾಕಿಕೊಂಡಿದ್ದೇನೆ. ವಿಂಡೋಸ್ ಇದ್ದಾಗ ಸರಿಯಾಗಿಯೇ ಇದ್ದ ವೈಫೈ ಈಗ ಇಲ್ಲ. ಸೆಟ್ಟಿಂಗ್ಸ್ ತೆರೆದರೆ ‘ನೋ ವೈಫೈ ಅಡಾಪ್ಟರ್ ಫೌಂಡ್’ ಎಂದಷ್ಟೇ ಬರುತ್ತದೆ. ಎರಡು ಸಲ ಮೊದಲಿನಿಂದ ಇನ್‌ಸ್ಟಾಲ್ ಮಾಡಿದರೂ ಫಲ ಸಿಗಲಿಲ್ಲ. ಕೇಬಲ್ ಸಿಕ್ಕಿಸಲು ಇದರಲ್ಲಿ ಜಾಗವೂ ಇಲ್ಲ. ವೈಫೈ ಕಾರ್ಡ್ ಕೆಟ್ಟಿದೆಯೇ? ವಿಂಡೋಸ್‌ಗೇ ಮರಳಬೇಕೇ?

ಉತ್ತರ: ವಿಂಡೋಸ್‌ನಲ್ಲಿ ಕೊನೆಯ ದಿನದವರೆಗೂ ನಡೆಯುತ್ತಿದ್ದ ಕಾರ್ಡ್ ಅದೇ ದಿನ ಕೆಟ್ಟಿರುವ ಸಾಧ್ಯತೆ ಬಹಳ ಕಡಿಮೆ. ಕಾರ್ಡ್ ಇದೆ, ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಇಲ್ಲ ಎಂಬುದೇ ಆ ಸಂದೇಶದ ಅರ್ಥವಾಗಿರುವುದು ಹೆಚ್ಚು. ಮತ್ತೆ ಇನ್‌ಸ್ಟಾಲ್ ಮಾಡಿದರೆ ಇಲ್ಲದ ಡ್ರೈವರ್ ಬರುವುದಿಲ್ಲವಾದ್ದರಿಂದ ದಯವಿಟ್ಟು ಮೂರನೆಯ ಸಲ ಆ ಶ್ರಮಪಡಬೇಡಿ.

ಮೊದಲು ತಾತ್ಕಾಲಿಕವಾಗಿ ಇಂಟರ್ನೆಟ್ ಒದಗಿಸಿಕೊಳ್ಳಿ. ಆಂಡ್ರಾಯ್ಡ್ ಫೋನನ್ನು ಚಾರ್ಜ್ ಮಾಡುವ ಕೇಬಲ್‌ನಿಂದಲೇ ಲ್ಯಾಪ್‌ಟಾಪ್‌ಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಕು. ಲಿನಕ್ಸ್ ಅದನ್ನು ತಂತಿಯ ಸಂಪರ್ಕವೆಂದೇ ಭಾವಿಸಿ ತಾನಾಗಿ ಜೋಡಿಸಿಕೊಳ್ಳುತ್ತದೆ. ಆ ಹೊತ್ತಿಗೆ ಫೋನ್ ಮನೆಯ ವೈಫೈಯಲ್ಲಿದ್ದರೆ ಸಾಮಾನ್ಯವಾಗಿ ಅದೇ ಸಂಪರ್ಕ ಲ್ಯಾಪ್‌ಟಾಪ್‌ಗೂ ಹರಿಯುವುದರಿಂದ ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಕೇಬಲ್ ಮಾತ್ರ ಡೇಟಾ ಸಾಗಿಸುವಂಥದ್ದಾಗಿರಬೇಕು. ಬರೀ ಚಾರ್ಜ್ ಮಾಡುವ ಕೇಬಲ್‌ಗಳೂ ಇವೆ.

ನಂತರ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ತೆರೆದು, ಎಲ್, ಎಸ್, ಪಿ, ಸಿ, ಐ ಎಂಬ ಐದು ಸಣ್ಣಕ್ಷರಗಳನ್ನು ಒತ್ತಾಗಿ ಬರೆದು, ಒಂದು ಜಾಗ ಬಿಟ್ಟು, ಕಿರುಗೆರೆಯ ಜೊತೆಗೆ ಎನ್, ಎನ್, ಕೆ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಉದ್ದನೆಯ ಪಟ್ಟಿ ಬಂದರೆ ಗಾಬರಿಯಾಗಬೇಡಿ. ‘ನೆಟ್‌ವರ್ಕ್ ಕಂಟ್ರೋಲರ್’ ಎಂಬ ಸಾಲನ್ನಷ್ಟೇ ಹುಡುಕಿ. ಕಾರ್ಡ್ ತಯಾರಿಸಿದವರ ಹೆಸರು ಆ ಸಾಲಿನಲ್ಲೇ ಇರುತ್ತದೆ. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇಲ್ಲದಿದ್ದರೆ ನಮ್ಮ ಊಹೆ ಸರಿ ಎಂದಾಯಿತು.

ಹೆಸರು ಬ್ರಾಡ್‌ಕಾಮ್ ಆಗಿದ್ದರೆ, ಅದರ ಹಲವು ಕಾರ್ಡ್‌ಗಳ ಡ್ರೈವರ್ ಮುಕ್ತ ತಂತ್ರಾಂಶವಲ್ಲದ ಕಾರಣ ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೆ ಸೇರಿಲ್ಲ. ‘ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್’ ತೆರೆದು ‘ಅಡಿಷನಲ್ ಡ್ರೈವರ್ಸ್’ ವಿಭಾಗದಲ್ಲಿ ತೋರುವ ಡ್ರೈವರನ್ನು ಆರಿಸಿ ‘ಅಪ್ಲೈ ಚೇಂಜಸ್’ ಒತ್ತಿದರೆ ಉಬುಂಟು ಅದನ್ನು ತಂದುಕೊಳ್ಳುತ್ತದೆ. ಹೊಸಬರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಲ್ಯಾಪ್‌ಟಾಪ್‌ನಲ್ಲಿ, ನಂಬಿಕೆಯ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಆಗಿದ್ದರೆ, ಇನ್‌ಸ್ಟಾಲ್ ಆಗುವಾಗ ಹೊಸದೊಂದು ಪಾಸ್‌ವರ್ಡ್ ಇಡಲು ಕೇಳುತ್ತದೆ. ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆಯೊಂದು ಮೂಡಿ, ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀಲಿ ಒತ್ತದಿದ್ದರೆ ತಾನಾಗಿ ಮುಂದಕ್ಕೆ ಹೋಗಿಬಿಡುತ್ತದೆ. ಆ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಇದು ತಪ್ಪಿಹೋದರೆ ಡ್ರೈವರ್ ಡಿಸ್ಕಿನಲ್ಲಿದ್ದರೂ ಕರ್ನಲ್ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ವೈಫೈ ಮೊದಲಿನಂತೆಯೇ ಕಾಣೆಯಾಗಿರುತ್ತದೆ. ಆದ್ದರಿಂದ ಆ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡೇ ರೀಸ್ಟಾರ್ಟ್ ಮಾಡಿ.

ಇಂಟೆಲ್ ಕಾರ್ಡ್ ಆಗಿದ್ದರೆ ಡ್ರೈವರ್ ಕರ್ನಲ್‌ನಲ್ಲೇ ಇರುತ್ತದೆ. ಆದರೆ ಕಾರ್ಡ್ ಎಚ್ಚರವಾಗುವಾಗ ಅದರೊಳಕ್ಕೆ ತುಂಬಬೇಕಾದ ಫರ್ಮ್‌ವೇರ್ ಎಂಬ ಪುಟ್ಟ ಕಡತವೂ ಬೇಕು. ಫೋನಿನ ಸಂಪರ್ಕದಿಂದ ಪೂರ್ತಿ ಅಪ್‌ಡೇಟ್ ಮಾಡಿದರೆ ಸಾಮಾನ್ಯವಾಗಿ ಅದು ಬಂದುಬಿಡುತ್ತದೆ. ರಿಯಲ್‌ಟೆಕ್‌ನ ಕೆಲವು ಕಾರ್ಡ್‌ಗಳಿಗೆ ಹೊಸ ಆವೃತ್ತಿಯ ಕರ್ನಲ್ಲೇ ಬೇಕಾಗುವುದರಿಂದ, ನೀವು ಹಾಕಿರುವುದು ಹಳೆಯ ಉಬುಂಟು ಆದರೆ ಹೊಸದಕ್ಕೆ ಹೋಗಿ. ಎಲ್ಲೋ ಸಿಕ್ಕ ಆಜ್ಞೆಗಳನ್ನು, ಅವು ಯಾವ ಕಾರ್ಡ್‌ಗೆಂದು ತಿಳಿಯದೆ, ಪೂರ್ಣ ಅಧಿಕಾರ ಕೊಡುವ ಸುಡೋ ಸೇರಿಸಿ ಓಡಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಂದು ಕಾರ್ಡ್‌ನ ಡ್ರೈವರ್ ಸರಿಯಾಗಿ ನಡೆಯಲೆಂದು ಇನ್ನೊಂದನ್ನು ತಡೆಹಿಡಿಯುವ ಆಜ್ಞೆಗಳೂ ಅವುಗಳಲ್ಲಿರುತ್ತವೆ.

ಟರ್ಮಿನಲ್‌ನ ಪಟ್ಟಿಯಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಸಾಲೇ ಇಲ್ಲದಿದ್ದರೆ, ಲ್ಯಾಪ್‌ಟಾಪ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ಸ್ ಆದ ಬಯೋಸ್‌ನಲ್ಲಿ ವೈರ್‌ಲೆಸ್ ಆಫ್ ಆಗಿದೆಯೇ ಎಂದು ನೋಡಿ. ಇಷ್ಟಾದರೂ ಬಗೆಹರಿಯದಿದ್ದರೆ, ‘ನೆಟ್‌ವರ್ಕ್ ಕಂಟ್ರೋಲರ್’ ಸಾಲನ್ನು ಅದರ ಕೊನೆಗೆ ಚೌಕ ಆವರಣದೊಳಗಿರುವ ಸಂಖ್ಯೆಯ ಸಮೇತ ಹಾಗೆಯೇ ಬರೆದು ಕಳುಹಿಸಿ. ನಿಮ್ಮ ಕಾರ್ಡ್ ನಿಖರವಾಗಿ ಯಾವುದೆಂದು ಆ ಸಂಖ್ಯೆಯಿಂದ ತಿಳಿಯುತ್ತದೆ.