ಬಾಯಿಪಾಠಕ್ಕೆ ಕೂತ್ರೆ ಎದೆ ಹೊಡ್ಕೊಳ್ಳತ್ತೆ

(ಗುರುತು ಸಿಗೋ ವಿವರ ಎಲ್ಲ ಬದಲಿಸಿದೀನಿ.)

ಹುಡುಗ ಶಿರಸಿ ಕಡೆಯವ, ಸೆಕೆಂಡ್ ಪಿಯುಸಿ ಸೈನ್ಸ್. ಅಡಿಕೆ ಸುಲಿಯೋ ಗಡಿಬಿಡಿ ನಡುವೆನೇ ಆಯಿ (ಅಮ್ಮ) ಕರ್ಕೊಂಡ್ ಬಂದಿದ್ರು. ಇಸಿಜಿ, ಥೈರಾಯ್ಡ್ ಎಲ್ಲ ಮೊದ್ಲೇ ಮಾಡ್ಸಿ ನಾರ್ಮಲ್ ಬಂದಿತ್ತು, ಡಾಕ್ಟ್ರೇ ಕೌನ್ಸೆಲಿಂಗ್‌ಗೆ ನನ್ನ ಹತ್ರ ಕಳ್ಸಿದ್ದು.

ಮೆತ್ತಿ (ಮಹಡಿ) ಮೇಲೆ ಕೂತು ಕೆಮಿಸ್ಟ್ರಿ ರಿಯಾಕ್ಷನ್ ಬಾಯಿಪಾಠ ಶುರು ಮಾಡಿದ್ರೆ ಐದು ನಿಮಿಷಕ್ಕೆ ಎದೆ ಢವಢವ, ಅಂಗೈ ಬೆವರು, ಸ್ಮಾರ್ಟ್‌ವಾಚ್ ನೋಡಿದ್ರೆ ಎದೆಬಡಿತ ನಿಮಿಷಕ್ಕೆ 98, ಅದನ್ನ ನೋಡಿದ್ಮೇಲೆ 110, ತಕ್ಷಣ ಬುಕ್ ಮುಚ್ಚಿ ಎದ್ದುಬಿಡ್ತಿದ್ದ. ಆಮೇಲೆ ಅವ್ನೇ ಒಂದು ದಾರಿ ಹುಡ್ಕೊಂಡ, ಹೈಲೈಟರ್ ಎಳೀತಾ ಸುಮ್ನೆ ಓದೋದು. ಎದೆ ತಣ್ಣಗಿತ್ತು, ಟೆಸ್ಟಲ್ಲಿ ಏನೂ ನೆನಪಿಗೆ ಬರ್ತಿರ್ಲಿಲ್ಲ. "ಆರು ತಾಸು ಓದ್ತ, ತಲೆಲಿ ಎಂತದೂ ನಿಲ್ತಿಲ್ಲೆ" ಅಂದ್ರು ಆಯಿ.

ಮೊದಲ ಸಲ ನಾನೇ ಎಡವಿದೆ. ಪರೀಕ್ಷೆ ಭಯ ಅಂದ್ಕೊಂಡು, ಎದೆ ಹೊಡ್ಕೊಂಡ್ರೆ ನಿಲ್ಸಿ ಉಸಿರಾಡು ಅಂದೆ, ಅವ್ನಿಗೆ ಎದ್ದು ಹೋಗಕ್ಕೆ ಇನ್ನೊಂದು ನೆಪ ಸಿಕ್ತು ಅಷ್ಟೇ.

ಎರಡನೇ ಸಲ ವಾಚ್ ಬಿಚ್ಚಿಸಿ ಆಯಿ ಕೈಗೆ ಅವನ ನಾಡಿ ಕೊಟ್ಟೆ. ಸುಮ್ನೆ ಕೂತಾಗ 78. ಸಾವಿರದಿಂದ ಏಳೇಳು ಕಳೀತಾ ಬಾ ತಮಾ ಅಂದೆ, 993, 986, 979... ಅಲ್ಲಿಂದ ಮುಂದೆ ತಡವರಿಸ್ದ, ಹುಬ್ಬು ಗಂಟಾಯ್ತು, ಆಯಿ ಎಣಿಸಿ 92 ಅಂದ್ರು. ಪರೀಕ್ಷೆನೂ ಇಲ್ಲ, ಮಾರ್ಕ್ಸೂ ಇಲ್ಲ, ಆದ್ರೂ ಏರಿತ್ತು. ಅವ್ನು ನಗಾಡ್ದ.

ಆಗ ಹೇಳ್ದೆ, ತಲೆ ಕಷ್ಟಪಟ್ಟಾಗ ಹೃದಯಕ್ಕೆ ಬ್ರೇಕ್ ಥರ ಇರೋ ವೇಗಸ್ ನರ ಸ್ವಲ್ಪ ಸಡಿಲ ಬಿಡತ್ತೆ, ಅಡ್ರಿನಲಿನ್ನೂ ಏರ್ಬೋದು, ಬಡಿತಗಳ ನಡುವಿನ ಅಂತರದ ಏರಿಳಿತ ಕಮ್ಮಿ ಆಗತ್ತೆ, ಕಣ್ಣಿನ ಪಾಪೆನೂ ಹಿಗ್ಗತ್ತೆ. 1966ರಲ್ಲಿ ಕಾಹ್ನೆಮನ್, ಬೀಟಿ ಅನ್ನೋ ಇಬ್ರು ಮನೋವಿಜ್ಞಾನಿಗಳು ಅಂಕಿಗಳನ್ನ ನೆನಪಿಟ್ಕೊಳ್ಳೋರ ಪಾಪೆ ಅಳೆದಿದ್ರು, ಒಂದೊಂದು ಅಂಕಿ ಸೇರಿದಂಗೂ ಹಿಗ್ಗತಿತ್ತು, ವಾಪಸ್ ಒಪ್ಪಿಸ್ತಾ ಬಂದಂಗೆ ಕುಗ್ಗತಿತ್ತು. ನೀನು ಎದ್ದು ಹೋಗ್ತಿರೋದು ಸರಿಯಾಗಿ ತಲೆ ಕೆಲ್ಸ ಶುರು ಮಾಡೋ ಹೊತ್ತಿಗೇ. 98 ಕೆಲ್ಸದ್ದು, 110ಕ್ಕೆ ಏರ್ಸಿದ್ದು ನಿನ್ನ ಹೆದರಿಕೆ.

ಕೊಟ್ಟ ಸಲಹೆ ಇಷ್ಟು: ಓದೋವಾಗ ವಾಚ್ ಕೆಳಗಡೆ ದೇವರ ಗೂಡಲ್ಲಿ. ಒಂದು ಪುಟ ಓದಿ ಬುಕ್ ಮುಚ್ಚಿ, ನೆನಪಿದ್ದಷ್ಟು ಹಾಳೆ ಮೇಲೆ ಬರಿ, ಎದೆ ಹೊಡ್ಕೊಂಡ್ರೂ ಇಪ್ಪತ್ತು ನಿಮಿಷ ಏಳ್ಬೇಡ. ಆಮೇಲೆ ಐದು ನಿಮಿಷ ನಿಧಾನ ಉಸಿರು, ನಿಮಿಷಕ್ಕೆ ಆರು ಸಲ ಸಾಕು. ರಾತ್ರಿ ಕಾಫಿ ಬೇಡ, ನಿದ್ದೆ ಬಿಡ್ಬೇಡ, ಓದಿದ್ದು ಗಟ್ಟಿಯಾಗೋದೇ ಅಲ್ಲಿ. ಸುಮ್ನೆ ಕೂತಾಗ ಎದೆ ಓಡಿದ್ರೆ, ಎದೆನೋವು, ತಲೆಸುತ್ತಿ ಬೀಳೋದು ಆದ್ರೆ ಮಾತ್ರ ಸೀದಾ ಡಾಕ್ಟ್ರ ಹತ್ರ, ನನ್ನ ಹತ್ರ ಅಲ್ಲ.

ಮೂರು ವಾರದ್ಮೇಲೆ ಫೋನ್ ಮಾಡ್ದ. ಎದೆ ಈಗ್ಲೂ ಹೊಡ್ಕೊಳ್ಳತ್ತಂತೆ, ಆರ್ಗ್ಯಾನಿಕ್ ಬಂದ್ರಂತೂ ಜೋರಂತೆ. ವಾಚ್ ಆಯಿ ಕಟ್ಕೊಂಡಿದಾರಂತೆ, ತೋಟದ ಗುಡ್ಡ ಹತ್ತಿದಾಗ 120 ತೋರ್ಸಿ ಅವ್ರೀಗ ಹೆದರಿ ಕೂತಿದಾರೆ.